ಅಪ್ಪಾಜಿಯ ಶುಗರ್, ಹೊಟ್ಟೆಯ ಬ್ಯಾಕ್ಟೀರಿಯಾ ಮತ್ತು 15 ಸಾವಿರದ ಪರೀಕ್ಷೆ

ಪ್ರಶ್ನೆ: ನಮ್ಮದು ಸೇಡಂ ತಾಲೂಕು, ತೊಗರಿ ಬೆಳೆಯುವ ಮನೆ. ಅಪ್ಪಾಜಿಗೆ 61 ವರ್ಷ. 8 ವರ್ಷದಿಂದ ಶುಗರ್ ಇದೆ, ಮೆಟ್‌ಫಾರ್ಮಿನ್ ತಗೊಳ್ಳುತ್ತಾರೆ. ಹೋದ ತಿಂಗಳು ಕಿಡ್ನಿ ನೋಡುವ ರಕ್ತಪರೀಕ್ಷೆಯಲ್ಲಿ ಕ್ರಿಯಾಟಿನಿನ್ 1.6 ಬಂತು. ಹೈದರಾಬಾದಿನಲ್ಲಿರುವ ಕಾಕಾನ ಮಗ, "ಹೊಟ್ಟೆಯೊಳಗಿನ ಬ್ಯಾಕ್ಟೀರಿಯಾ ವಿಷ ತಯಾರಿಸುತ್ತವೆ, ಶುಗರ್ ಕಿಡ್ನಿ ಎಲ್ಲಾ ಅದರಿಂದಲೇ. ಮಲದ ಪರೀಕ್ಷೆ ಮಾಡಿಸಿ, 15 ಸಾವಿರ ಆಗುತ್ತೆ. ರಿಪೋರ್ಟ್ ನೋಡಿ ಪ್ರೋಬಯಾಟಿಕ್, ಅಂದರೆ ಒಳ್ಳೆಯ ಬ್ಯಾಕ್ಟೀರಿಯಾ ಇರುವ ಪುಡಿ ಕಳಿಸ್ತಾರೆ" ಅನ್ನುತ್ತಾನೆ. ಜೋಳದ ರೊಟ್ಟಿ ಬಿಡಿಸಿ ಓಟ್ಸ್ ಕೊಡಿ ಅಂತಲೂ ಹೇಳಿದ. ಗ್ಯಾಸ್ ಆಗುತ್ತೆ ಅಂತ ಅಪ್ಪಾಜಿ ತೊಗರಿ ಬೇಳೆ ಬಿಟ್ಟು ಆರು ತಿಂಗಳಾಯಿತು. ಮಟನ್ ಮಾತ್ರ ಬಿಟ್ಟಿಲ್ಲ. ನಾವೇನು ಮಾಡಬೇಕು?

ಉತ್ತರ: ಪರೀಕ್ಷೆ ಬೇಡ, ಪುಡಿಯೂ ಬೇಡ. ರೊಟ್ಟಿ ಬಿಡಿಸಬೇಡಿ. ಆದರೆ ನಿಮ್ಮ ಕಾಕಾನ ಮಗ ಹೇಳಿದ್ದು ಪೂರ್ತಿ ಸುಳ್ಳಲ್ಲ. ಅರ್ಧ ನಿಜವನ್ನು ಬಿಡಿಸಿ ಹೇಳೋದೇ ಕಷ್ಟ, ಅದಕ್ಕೇ ಉತ್ತರ ಸ್ವಲ್ಪ ಉದ್ದವಾಗಿದೆ.

ಮೊದಲು ಆ 15 ಸಾವಿರದ ವಿಷಯ. ಅಂಥ ರಿಪೋರ್ಟುಗಳನ್ನು ಹಿಡಿದುಕೊಂಡು ನನ್ನ ಹತ್ತಿರ ಬಂದವರಿದ್ದಾರೆ. ಇಪ್ಪತ್ತು ಪುಟ, ಬಣ್ಣಬಣ್ಣದ ಚಕ್ರ, ಬಾಯಿ ತಿರುಗದ ಹೆಸರುಗಳು. ಯಾವ ಬ್ಯಾಕ್ಟೀರಿಯಾ ಶೇಕಡಾ ಎಷ್ಟಿದೆ ಅನ್ನೋದು ಅದರಲ್ಲಿ ಇರುತ್ತದೆ. ಅವು ಏನು ತಯಾರಿಸುತ್ತಿವೆ ಅನ್ನೋದು ಇರುವುದಿಲ್ಲ. ನೀವು ತೊಗರಿಯವರು, ನಿಮಗೆ ಬೇಗ ತಿಳಿಯುತ್ತದೆ. ಕಲಬುರಗಿಯ ದಾಲ್ ಮಿಲ್‌ಗಳ ಬೋರ್ಡುಗಳನ್ನೆಲ್ಲ ಓದಿಕೊಂಡು ಹೋದರೆ ಇವತ್ತು ಯಾವ ಮಿಲ್ಲಿನಿಂದ ಎಂಥ ಬೇಳೆ ಬಿತ್ತು ಅಂತ ಹೇಳೋಕಾಗುತ್ತದೆಯೇ? ಒಳಗೆ ಹೋದ ಕಾಳು ಎಂಥದ್ದು ಅಂತ ನೋಡಬೇಕು. ಹೊಟ್ಟೆಯ ಲೆಕ್ಕವೂ ಹಾಗೇ. ಒಂದೇ ಬ್ಯಾಕ್ಟೀರಿಯಾ ಗುಂಪು ನಾರು ಸಿಕ್ಕಾಗ ಒಂದು ಮಾಡುತ್ತದೆ, ನಾರು ಮುಗಿದು ಬರೀ ಮಾಂಸದ ಪ್ರೋಟೀನ್ ಉಳಿದಾಗ ಇನ್ನೊಂದು ಮಾಡುತ್ತದೆ.

ಇವು ಎಷ್ಟಿವೆ ಅನ್ನೋದರಲ್ಲೂ ತುಂಬ ಉತ್ಪ್ರೇಕ್ಷೆ ಇದೆ. ನಮ್ಮ ಜೀವಕೋಶಗಳಿಗಿಂತ ಬ್ಯಾಕ್ಟೀರಿಯಾ ಹತ್ತು ಪಟ್ಟು ಜಾಸ್ತಿ, ಅವುಗಳ ತೂಕವೇ 2 ಕಿಲೋ ಅಂತ ನಾವೂ ಕ್ಲಾಸಿನಲ್ಲಿ ಪಾಠ ಹೇಳಿದ್ದೆವು. 2016ರಲ್ಲಿ ಇಸ್ರೇಲಿನ ವೈಜ್‌ಮನ್ ಸಂಸ್ಥೆಯ ರಾನ್ ಮಿಲೋ ಮತ್ತು ಜೊತೆಗಾರರು ಕೂತು ಮತ್ತೆ ಲೆಕ್ಕ ಹಾಕಿದರು. ಬ್ಯಾಕ್ಟೀರಿಯಾ ಸುಮಾರು 38 ಲಕ್ಷ ಕೋಟಿ, ನಮ್ಮ ಕೋಶಗಳು ಸುಮಾರು 30 ಲಕ್ಷ ಕೋಟಿ. ಹೆಚ್ಚುಕಡಿಮೆ ಸಮಸಮ. ಬ್ಯಾಕ್ಟೀರಿಯಾಗಳ ತೂಕ ಬರೀ 200 ಗ್ರಾಂ. ಹೆಚ್ಚಿನವು ಇರುವುದು ದೊಡ್ಡ ಕರುಳಿನಲ್ಲಿ.

ಊಟದಲ್ಲಿನ ಸಕ್ಕರೆ, ಎಣ್ಣೆ, ಬಹುಪಾಲು ಪ್ರೋಟೀನ್ ಎಲ್ಲವನ್ನೂ ಮೇಲಿನ ಸಣ್ಣ ಕರುಳೇ ಹೀರಿಕೊಳ್ಳುತ್ತದೆ. ದೊಡ್ಡ ಕರುಳಿಗೆ ಇಳಿಯುವುದು ನಮ್ಮಿಂದ ಜೀರ್ಣವಾಗದೆ ಉಳಿದದ್ದು. ನಾರು, ಗಟ್ಟಿ ಪಿಷ್ಟ, ಕಾಳಿನ ಕೆಲವು ಸಕ್ಕರೆಗಳು, ಒಂದಿಷ್ಟು ಪ್ರೋಟೀನ್. ಬ್ಯಾಕ್ಟೀರಿಯಾ ನಮ್ಮ ಎಂಜಲು ಉಂಡು ಬದುಕುವ ಜೀವಿಗಳು. ಉಂಡಮೇಲೆ ಅವು ಹೊರಬಿಡುವ ಸಣ್ಣಸಣ್ಣ ರಾಸಾಯನಿಕಗಳು ರಕ್ತಕ್ಕೆ ಸೇರಿ ಲಿವರ್, ಕಿಡ್ನಿ, ಹೃದಯದವರೆಗೂ ಹೋಗುತ್ತವೆ. ನಮಗೆ ಮುಖ್ಯವಾದದ್ದು ಇವೇ.

ಒಳ್ಳೆಯದರಿಂದ ಶುರು ಮಾಡೋಣ. ನಾರು ಮತ್ತು ಗಟ್ಟಿ ಪಿಷ್ಟ ಹುದುಗಿದಾಗ ಮೂರು ಸಣ್ಣ ಆಮ್ಲಗಳು ಹುಟ್ಟುತ್ತವೆ. ಅಸಿಟೇಟ್, ಪ್ರೊಪಿಯೊನೇಟ್, ಬ್ಯುಟಿರೇಟ್. ಅಸಿಟೇಟ್ ಅಂದರೆ ವಿನೆಗರ್‌ನಲ್ಲಿರುವ ಆಮ್ಲವೇ. ಬ್ಯುಟಿರೇಟ್ ಹೆಸರು ಬಂದದ್ದು ಬೆಣ್ಣೆಯಿಂದ. ಬೆಣ್ಣೆ ಕಮಟಾದಾಗ ಮೂಗಿಗೆ ಹೊಡೆಯುತ್ತಲ್ಲ, ಆ ವಾಸನೆ ಇದರದ್ದೇ. ವಾಸನೆ ಹೇಗೇ ಇರಲಿ, ದೊಡ್ಡ ಕರುಳಿನ ಒಳಗೋಡೆಯ ಕೋಶಗಳಿಗೆ ಇದೇ ಊಟ. ಅವುಗಳ ಶಕ್ತಿಯ ಸುಮಾರು ಶೇಕಡಾ 70 ಇದರಿಂದಲೇ ಬರುತ್ತದೆ. ಮೈಯ ಬೇರೆ ಕೋಶಗಳು ರಕ್ತದಿಂದ ಊಟ ಪಡೆಯುತ್ತವೆ. ಇವು ಮಾತ್ರ ಬ್ಯಾಕ್ಟೀರಿಯಾ ಬಡಿಸಿದ್ದನ್ನು ನಂಬಿಕೊಂಡಿವೆ. ಬ್ಯುಟಿರೇಟ್ ಸಾಕಷ್ಟು ಸಿಕ್ಕರೆ ಗೋಡೆ ಬಿಗಿಯಾಗಿರುತ್ತದೆ, ಒಳಗಿನ ಕೊಳೆ ರಕ್ತಕ್ಕೆ ಸೋರುವುದಿಲ್ಲ, ಉರಿಯೂತ ತಣ್ಣಗಾಗುತ್ತದೆ. ನಾರು ಸಿಗದಿದ್ದರೆ ಏನಾಗುತ್ತದೆ ಅಂತ ಇಲಿಗಳಲ್ಲಿ ನೋಡಿದ್ದಾರೆ. ಹಸಿದ ಬ್ಯಾಕ್ಟೀರಿಯಾ ಕರುಳಿನ ಗೋಡೆಗೆ ಅಂಟಿದ ಲೋಳೆಯನ್ನೇ ತಿನ್ನೋಕೆ ಶುರು ಮಾಡಿದವು.

ಶುಗರ್‌ಗೂ ಇದಕ್ಕೂ ಏನು ಸಂಬಂಧ ಅಂದಿರಾ? ಈ ಆಮ್ಲಗಳು ಕರುಳಿನ ಕೆಲವು ಕೋಶಗಳನ್ನು ತಟ್ಟಿ ಜಿಎಲ್‌ಪಿ-1 ಅನ್ನುವ ಹಾರ್ಮೋನು ಬಿಡಿಸುತ್ತವೆ. ಅದು ಇನ್ಸುಲಿನ್‌ಗೆ ಸಹಾಯ ಮಾಡುತ್ತದೆ, ಹಸಿವನ್ನೂ ಇಳಿಸುತ್ತದೆ. ಈಗ ತೂಕ ಇಳಿಸೋಕೆ ಅಂತ ಎಲ್ಲರ ಬಾಯಲ್ಲಿರುವ ದುಬಾರಿ ಇಂಜೆಕ್ಷನ್ ಈ ಹಾರ್ಮೋನಿನ ನಕಲೇ. ನಾರಿನಿಂದ ಬರುವುದು ಇಂಜೆಕ್ಷನ್ನಿನಷ್ಟು ಜೋರಾಗಿರುವುದಿಲ್ಲ, ಅದನ್ನೂ ಹೇಳಿಬಿಡುತ್ತೇನೆ. 2018ರಲ್ಲಿ ಶಾಂಘೈನ ವಿಜ್ಞಾನಿಗಳು 43 ಶುಗರ್ ರೋಗಿಗಳ ಮೇಲೆ ಮಾಡಿದ ಒಂದು ಪ್ರಯೋಗವನ್ನು ಪ್ರಕಟಿಸಿದರು. ಒಂದು ಗುಂಪಿಗೆ ಬಗೆಬಗೆಯ ನಾರು ತುಂಬಿದ ಊಟ, ಇನ್ನೊಂದಕ್ಕೆ ಮಾಮೂಲಿ ಪಥ್ಯ. 84 ದಿನ. ಮೂರು ತಿಂಗಳ ಸರಾಸರಿ ಶುಗರ್, ಅಂದರೆ ಎಚ್‌ಬಿಎ1ಸಿ, 7ಕ್ಕಿಂತ ಕೆಳಗೆ ಬಂದವರು ನಾರಿನ ಗುಂಪಿನಲ್ಲಿ ಶೇಕಡಾ 89, ಇನ್ನೊಂದರಲ್ಲಿ ಶೇಕಡಾ 50. ಪ್ರಯೋಗ ಚಿಕ್ಕದು. ಎರಡೂ ಗುಂಪಿಗೆ ಅಕಾರ್ಬೋಸ್ ಮಾತ್ರೆಯನ್ನೂ ಕೊಟ್ಟಿದ್ದರು. ಆ ಮಾತ್ರೆ ಮಾಡುವುದೂ ಒಂದು ರೀತಿ ಇದೇ ಕೆಲಸ, ಪಿಷ್ಟ ಮೇಲೆ ಪೂರ್ತಿ ಜೀರ್ಣವಾಗದೆ ಕೆಳಗೆ ಇಳಿಯುವ ಹಾಗೆ ಮಾಡುತ್ತದೆ.

ಇನ್ನು ರೊಟ್ಟಿಯ ವಿಷಯ. ಓಟ್ಸ್ ಕೆಟ್ಟದ್ದಲ್ಲ, ಅದರ ನಾರು ಒಳ್ಳೆಯದೇ. ಆದರೆ ಜೋಳ ಬಿಟ್ಟು ಓಟ್ಸ್ ತಿನ್ನಿ ಅನ್ನೋದಕ್ಕೆ ಕಾರಣ ಏನೂ ಇಲ್ಲ. ಜೋಳದ ಪಿಷ್ಟದ ಸುತ್ತ ಕಾಫಿರಿನ್ ಅನ್ನುವ ಪ್ರೋಟೀನ್ ಇರುತ್ತದೆ. ಬೇಯಿಸಿದಾಗ ಅದು ಇನ್ನೂ ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಹಾಗಾಗಿ ಜೋಳ ಅನ್ನಕ್ಕಿಂತ ನಿಧಾನ ಕರಗುತ್ತದೆ, ಒಂದು ಪಾಲು ಕೆಳಗೂ ಇಳಿಯುತ್ತದೆ. ಇದನ್ನು ಕೇಳಿ ಅಪ್ಪಾಜಿ ಖುಷಿಯಾಗಿ ಐದು ರೊಟ್ಟಿ ಹೊಡೆದರೆ ಶುಗರ್ ಏರುತ್ತದೆ. ಜೋಳದ್ದಾದರೂ ರೊಟ್ಟಿ ಎಣಿಸಿಯೇ ತಿನ್ನಬೇಕು. ಎರಡು ರೊಟ್ಟಿ, ತಟ್ಟೆಯ ಅರ್ಧ ಪಲ್ಯ.

ಎಳ್ಳ ಅಮಾವಾಸ್ಯೆಯ ಅಂಬಲಿ ನೆನಪು ಮಾಡಿಕೊಳ್ಳಿ. ನಮ್ಮ ಮನೆಯಲ್ಲಿ ಅವ್ವ ಹಿಂದಿನ ದಿನವೇ ಜೋಳದ ಹಿಟ್ಟು ಕುದಿಸಿ, ಪೂರ್ತಿ ಆರಲು ಬಿಟ್ಟು, ಮಜ್ಜಿಗೆ ಕಲಸಿ ಮಣ್ಣಿನ ಗಡಿಗೆಯಲ್ಲಿ ಇಡುತ್ತಿದ್ದಳು. ಬಾಯಿಗೆ ಬಿಳಿ ಅರಿವೆ ಕಟ್ಟುತ್ತಿದ್ದಳು. ಬೆಳಿಗ್ಗೆ ಬಿಚ್ಚಿದರೆ ಮೇಲೆ ಸಣ್ಣ ಗುಳ್ಳೆ, ಮೂಗಿಗೆ ಹುಳಿ. ಜೀರಿಗೆ, ಬೆಳ್ಳುಳ್ಳಿ ಜಜ್ಜಿ ಹಾಕಿ ಹೊಲಕ್ಕೆ ಒಯ್ಯುವುದು. ಆ ಗಡಿಗೆಯಲ್ಲಿ ರಾತ್ರಿ ಎರಡು ಕೆಲಸ ನಡೆದಿರುತ್ತದೆ. ಬೆಂದು ಆರಿದ ಪಿಷ್ಟದ ಒಂದು ಪಾಲು ಮತ್ತೆ ಗಟ್ಟಿಯಾಗಿ, ಸಣ್ಣ ಕರುಳಿಗೆ ಸಿಗದ ರೂಪಕ್ಕೆ ಬಂದಿರುತ್ತದೆ. ಮಜ್ಜಿಗೆಯ ಬ್ಯಾಕ್ಟೀರಿಯಾ ಸಕ್ಕರೆ ತಿಂದು ಲ್ಯಾಕ್ಟಿಕ್ ಆಮ್ಲ ಬಿಟ್ಟಿರುತ್ತವೆ. ಗುಳ್ಳೆಗಳು ಅವು ಬಿಟ್ಟ ಗಾಳಿ. ನಿಮ್ಮ ದೊಡ್ಡ ಕರುಳಿನಲ್ಲಿ ನಡೆಯುವುದೂ ಸುಮಾರು ಇದೇ, ಅಲ್ಲಿ ಆಮ್ಲ ಬೇರೆ, ಗಡಿಗೆ ಬೇರೆ. ಅದೇ ದಿನದ ಭಜ್ಜಿಯೂ ಹಾಗೆ. ಹಸಿ ತೊಗರಿ, ಕಡಲೆ, ಅವರೆ, ಮೆಂತ್ಯೆ, ಗಜ್ಜರಿ ಎಲ್ಲ ಒಂದೇ ಪಾತ್ರೆಯಲ್ಲಿ. ಬಗೆಬಗೆಯ ನಾರು ಬೇಕು ಅಂತ ಶಾಂಘೈನವರು ಹೇಳಿದ್ದನ್ನು ನಾವು ವರ್ಷಕ್ಕೆ ಒಂದು ದಿನ ಮಾಡಿ ಉಳಿದ ದಿನ ಮರೆಯುತ್ತೇವೆ.

ಮಜ್ಜಿಗೆ ಕುಡಿದರೆ ಅದರ ಬ್ಯಾಕ್ಟೀರಿಯಾ ಹೊಟ್ಟೆಯಲ್ಲಿ ಮನೆ ಮಾಡುತ್ತವೆಯೇ ಅಂತ ಕೇಳುತ್ತಾರೆ. ಸಾಮಾನ್ಯವಾಗಿ ಇಲ್ಲ. ಬಂದು ಹೋಗುವ ನೆಂಟರು. ಆದರೂ ಉಪಯೋಗ ಕಾಣುತ್ತದೆ. 2021ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು 36 ಜನರನ್ನು ಎರಡು ಗುಂಪು ಮಾಡಿ 10 ವಾರ ನೋಡಿದ್ದನ್ನು ಪ್ರಕಟಿಸಿದರು. ಹುದುಗಿದ ಆಹಾರ ತಿಂದ ಗುಂಪಿನಲ್ಲಿ ಬ್ಯಾಕ್ಟೀರಿಯಾ ವೈವಿಧ್ಯ ಹೆಚ್ಚಿತು, ಉರಿಯೂತದ 19 ಗುರುತುಗಳು ಇಳಿದವು. ಪುಡಿಗಳಿಗೆ ಅಷ್ಟು ಬಲವಾದ ಸಾಕ್ಷಿ ಇಲ್ಲ. ಅಮೆರಿಕದ ಹೊಟ್ಟೆ ರೋಗ ತಜ್ಞರ ಸಂಘ 2020ರಲ್ಲೇ, ಹೊಟ್ಟೆಯ ಬಹುತೇಕ ಕಾಯಿಲೆಗಳಿಗೆ ಪ್ರೋಬಯಾಟಿಕ್ ಶಿಫಾರಸು ಮಾಡೋದಿಲ್ಲ ಅಂತ ಹೇಳಿತು. ಅದೂ ಅಲ್ಲದೆ ನಮ್ಮ ಮೇ ತಿಂಗಳ ಬಿಸಿಲಿನಲ್ಲಿ ಕೊರಿಯರ್ ವ್ಯಾನಿನಲ್ಲಿ ಬೆಂದ ಡಬ್ಬಿಯಲ್ಲಿ ಎಷ್ಟು ಜೀವ ಉಳಿದಿರುತ್ತದೋ! ಮನೆಯ ಮಜ್ಜಿಗೆಯೇ ಸಾಕು. ಉಪ್ಪು ಮಾತ್ರ ಕಡಿಮೆ ಹಾಕಿ, ಕಿಡ್ನಿ ನೋಡಬೇಕಲ್ಲ.

ಈಗ ವಿಷದ ಮಾತು. ಇಲ್ಲೇ ಕಾಕಾನ ಮಗನದ್ದು ಅರ್ಧ ನಿಜ.

ದೊಡ್ಡ ಕರುಳಿಗೆ ನಾರು ಕಡಿಮೆ, ಪ್ರೋಟೀನ್ ಜಾಸ್ತಿ ಇಳಿದರೆ ಬ್ಯಾಕ್ಟೀರಿಯಾ ಆ ಪ್ರೋಟೀನನ್ನೇ ಒಡೆಯುತ್ತವೆ. ಅಮೋನಿಯಾ, ಇಂಡೋಲ್, ಪ್ಯಾರಾ ಕ್ರೆಸಾಲ್ ಹುಟ್ಟುತ್ತವೆ. ಇಂಡೋಲ್ ಸ್ವತಃ ಕೆಟ್ಟದ್ದಲ್ಲ, ಕರುಳಿನೊಳಗೆ ಅದಕ್ಕೆ ಒಳ್ಳೆಯ ಕೆಲಸವೂ ಇದೆ. ಆದರೆ ಲಿವರ್ ಅದನ್ನು ಇಂಡಾಕ್ಸಿಲ್ ಸಲ್ಫೇಟ್ ಅಂತ ಬದಲಿಸುತ್ತದೆ, ಅದನ್ನು ಹೊರಹಾಕಬೇಕಾದದ್ದು ಕಿಡ್ನಿ. ಕಿಡ್ನಿ ಸೋತರೆ ರಕ್ತದಲ್ಲೇ ಉಳಿಯುತ್ತದೆ, ರಕ್ತನಾಳಗಳಿಗೂ ಉಳಿದ ಕಿಡ್ನಿಗೂ ಕಾಟ ಕೊಡುತ್ತದೆ. ರಕ್ತದ ಪ್ರೋಟೀನಿಗೆ ಅಂಟಿಕೊಂಡಿರುವುದರಿಂದ ಡಯಾಲಿಸಿಸ್‌ನಲ್ಲೂ ಸರಿಯಾಗಿ ಹೋಗುವುದಿಲ್ಲ. ಹಾಗಾದರೆ ಕರುಳಿನಲ್ಲೇ ಇದನ್ನು ಹೀರಿಬಿಟ್ಟರೆ ಆಯಿತಲ್ಲ ಅಂತ ಇದ್ದಿಲಿನಂಥ ಒಂದು ಔಷಧಿ ಮಾಡಿದರು. ಜಪಾನಿನಲ್ಲಿ 1991ರಿಂದ ಬಳಕೆಯಲ್ಲಿದೆ. ಆದರೆ ಬೇರೆ ಬೇರೆ ದೇಶಗಳ 2 ಸಾವಿರಕ್ಕೂ ಹೆಚ್ಚು ರೋಗಿಗಳ ಮೇಲೆ ಎರಡು ದೊಡ್ಡ ಪ್ರಯೋಗ ಮಾಡಿದಾಗ, 2015ರಲ್ಲಿ ಬಂದ ಫಲಿತಾಂಶ ನಿರಾಸೆ ತಂದಿತು. ಕಿಡ್ನಿ ಹಾಳಾಗುವ ವೇಗ ಕಡಿಮೆಯಾಗಲಿಲ್ಲ. ರಕ್ತದಲ್ಲಿ ಒಂದು ರಾಸಾಯನಿಕ ಜಾಸ್ತಿ ಕಂಡಿತು ಅಂದ ಮಾತ್ರಕ್ಕೆ ಕಾಯಿಲೆಗೆ ಅದೇ ಕಾರಣ ಅನ್ನೋಕಾಗಲ್ಲ. ಹೊಲದಲ್ಲಿ ಹದ್ದು ಸುತ್ತುತ್ತಿದೆ ಅಂದರೆ ಎಮ್ಮೆಯನ್ನು ಕೊಂದದ್ದು ಹದ್ದು ಅಂತಲ್ಲವಲ್ಲ.

ಶುಗರ್‌ಗೂ ಇಂಥದ್ದೊಂದು ಸಿಕ್ಕಿದೆ. ಇಮಿಡಜೋಲ್ ಪ್ರೊಪಿಯೊನೇಟ್ ಅಂತ. ಹಿಸ್ಟಿಡಿನ್ ಅನ್ನುವ ಅಮೈನೋ ಆಮ್ಲದಿಂದ, ಅಂದರೆ ಪ್ರೋಟೀನಿನ ಒಂದು ತುಣುಕಿನಿಂದ, ಬ್ಯಾಕ್ಟೀರಿಯಾ ಇದನ್ನು ಮಾಡುತ್ತವೆ. ಶುಗರ್ ಇರುವವರಲ್ಲಿ ಇದು ಜಾಸ್ತಿ, ಇನ್ಸುಲಿನ್ ಮಾತು ಕೋಶಕ್ಕೆ ಕೇಳದಂತೆ ಮಾಡುತ್ತದೆ ಅಂತ 2018ರಲ್ಲಿ ಸ್ವೀಡನ್ನಿನ ಗೋಥೆನ್‌ಬರ್ಗ್‌ನವರು ತೋರಿಸಿದರು. ಆದರೆ ಇದನ್ನು ಅಳೆದು ಔಷಧಿ ಬದಲಿಸುವ ಕಾಲ ಇನ್ನೂ ಬಂದಿಲ್ಲ. ಮಲದಲ್ಲಿ ಬ್ಯಾಕ್ಟೀರಿಯಾ ಎಣಿಸಿ "ನಿಮಗೆ ಶುಗರ್ ಬಂದದ್ದು ಇದರಿಂದ" ಅನ್ನುವವರು ದುಡ್ಡಿಗಾಗಿ ಹೇಳುತ್ತಿದ್ದಾರೆ ಅಷ್ಟೇ.

ಬ್ಯಾಕ್ಟೀರಿಯಾ ಮಾಡಿದ ವಿಷ ಮನುಷ್ಯನನ್ನು ಹೇಗೆ ಕೆಡವುತ್ತದೆ ಅಂತ ನಾನು ಕಣ್ಣಾರೆ ಕಂಡದ್ದು ಶುಗರ್ ರೋಗಿಯಲ್ಲಲ್ಲ. ನಾನಿನ್ನೂ ವಾರ್ಡಿನಲ್ಲಿ ಕಲಿಯುತ್ತಿದ್ದ ದಿನ. ಲಿವರ್ ಕೆಟ್ಟ ಒಬ್ಬ ರೈತರು ಬಂದರು. ಅಂಗಿ ಉಲ್ಟಾ ಹಾಕಿಕೊಂಡಿದ್ದರು. ಹೆಂಡತಿಯನ್ನು ಅವ್ವಾ ಅಂತ ಕರೆಯುತ್ತಿದ್ದರು. ಕೈ ಮುಂದೆ ಚಾಚಿ ಅಂದರೆ ಹಕ್ಕಿ ರೆಕ್ಕೆ ಬಡಿದ ಹಾಗೆ ಕೈ ಅದುರುತ್ತಿತ್ತು. ಮನೆಯವರು ಗಾಳಿ ಸೋಕಿದೆ ಅಂತ ಎರಡು ದಿನ ಕಳೆದಿದ್ದರು. ಕರುಳಿನಲ್ಲಿ ಹುಟ್ಟಿದ ಅಮೋನಿಯಾವನ್ನು ಲಿವರ್ ತೊಳೆಯಬೇಕು. ಅದು ಆಗದೆ ಮಿದುಳಿಗೆ ಏರಿತ್ತು. ನಮ್ಮ ಮೇಷ್ಟ್ರು ಬರೆದದ್ದು ಲ್ಯಾಕ್ಟುಲೋಸ್, ಒಂದು ಸಿಹಿ ಸಿರಪ್. ನಮಗೆ ಜೀರ್ಣವಾಗದ ಸಕ್ಕರೆ ಅದು, ಸೀದಾ ಕೆಳಗಿಳಿಯುತ್ತದೆ. ಬ್ಯಾಕ್ಟೀರಿಯಾ ಅದನ್ನು ತಿಂದು ಆಮ್ಲ ಮಾಡುತ್ತವೆ. ಆಮ್ಲದಲ್ಲಿ ಅಮೋನಿಯಾ ಅಮೋನಿಯಂ ಆಗಿ ಸಿಕ್ಕಿಬೀಳುತ್ತದೆ, ಗೋಡೆ ದಾಟಿ ರಕ್ತಕ್ಕೆ ಹೋಗಲಾರದು, ಭೇದಿಯಲ್ಲಿ ಹೊರಬೀಳುತ್ತದೆ. ಮೂರನೆಯ ದಿನ ರೌಂಡ್ಸಿಗೆ ಹೋದಾಗ ಅವರು ಎದ್ದು ಕೂತು ಹೆಂಡತಿಯನ್ನು ಕೇಳುತ್ತಿದ್ದರು, "ಎತ್ತಿಗಿ ಮೇವು ಯಾರ್ ಹಾಕ್ಲಕತ್ತಾರ?" ಬ್ಯಾಕ್ಟೀರಿಯಾ ಅವೇ. ಅವುಗಳ ಮುಂದೆ ಇಟ್ಟ ಊಟ ಬೇರೆಯಾಗಿತ್ತು.

ಮಟನ್‌ಗೆ ಬರೋಣ. ಕೆಂಪು ಮಾಂಸದಲ್ಲಿ ಕಾರ್ನಿಟಿನ್, ಮೊಟ್ಟೆಯ ಹಳದಿಯಲ್ಲಿ ಕೋಲಿನ್ ಇರುತ್ತದೆ. ಬ್ಯಾಕ್ಟೀರಿಯಾ ಇವನ್ನು ಟಿಎಂಎ ಮಾಡುತ್ತವೆ, ಹಳಸಿದ ಮೀನಿನ ವಾಸನೆಯ ಗಾಳಿ ಅದು. ಲಿವರ್ ಅದನ್ನು ಟಿಎಂಎಒ ಮಾಡುತ್ತದೆ. ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್‌ನ ಸ್ಟ್ಯಾನ್ಲಿ ಹೇಜನ್ ತಂಡ ಹೃದ್ರೋಗ ತಪಾಸಣೆಗೆ ಬಂದ 4,007 ಜನರನ್ನು ಮೂರು ವರ್ಷ ಗಮನಿಸಿ 2013ರಲ್ಲಿ ಫಲಿತಾಂಶ ಪ್ರಕಟಿಸಿತು. ಟಿಎಂಎಒ ಜಾಸ್ತಿ ಇದ್ದವರಲ್ಲಿ ಹೃದಯಾಘಾತ, ಪಾರ್ಶ್ವವಾಯು, ಸಾವು ಜಾಸ್ತಿ ಕಂಡವು. ಅದೇ ತಂಡದ ಇನ್ನೊಂದು ಪ್ರಯೋಗ ನನಗೆ ಹೆಚ್ಚು ಇಷ್ಟ. ಮಾಂಸ ಮುಟ್ಟದ ಒಬ್ಬರನ್ನು ಒಪ್ಪಿಸಿ ಮಾಂಸ ತಿನ್ನಿಸಿದರು. ಅವರ ರಕ್ತದಲ್ಲಿ ಟಿಎಂಎಒ ಏರಲೇ ಇಲ್ಲ ಅನ್ನಬಹುದು. ರೂಢಿಯಿಲ್ಲದ ಬ್ಯಾಕ್ಟೀರಿಯಾಗೆ ಆ ಕೆಲಸ ಗೊತ್ತಿರಲಿಲ್ಲ. ಇಲ್ಲೂ ಒಂದು ತೊಡಕಿದೆ. ಸಮುದ್ರದ ಮೀನಿನಲ್ಲಿ ಟಿಎಂಎಒ ಹುಟ್ಟಾ ಇರುತ್ತದೆ, ಆದರೂ ಮೀನು ತಿನ್ನುವವರ ಹೃದಯ ಚೆನ್ನಾಗೇ ಇರುತ್ತದೆ. ಕಿಡ್ನಿ ಸೋತರೂ ಟಿಎಂಎಒ ಏರುತ್ತದೆ. ಹಾಗಾಗಿ ಅಪ್ಪಾಜಿಗೆ ಮಟನ್ ವಿಷ ಅಂತ ಹೆದರಿಸಬೇಡಿ. ವಾರಕ್ಕೆ ಎಷ್ಟು ಸಲ ಅಂತ ನೀವು ಬರೆದಿಲ್ಲ. ತಿಂಗಳಿಗೆ ಎರಡು ಸಲಕ್ಕೆ ಇಳಿಸಿ, ತುಂಡು ಕಡಿಮೆ ಹಾಕಿ, ಪಕ್ಕದಲ್ಲಿ ಪಲ್ಯ ಇರಲಿ. ಕ್ರಿಯಾಟಿನಿನ್ 1.6 ಇರುವವರಿಗೆ ಬ್ಯಾಕ್ಟೀರಿಯಾದ ಮಾತೇ ಬರದಿದ್ದರೂ ನಾನು ಇದನ್ನೇ ಹೇಳುತ್ತಿದ್ದೆ.

ತೊಗರಿ ಬೆಳೆಯುವವರೇ ತೊಗರಿ ಬಿಟ್ಟರು ಅಂತ ಓದಿ ನಗು ಬಂತು, ಕ್ಷಮಿಸಿ. 2019ರಲ್ಲಿ ಜಿಐ ಟ್ಯಾಗ್, ಅಂದರೆ ಈ ನೆಲದ್ದೇ ಬೆಳೆ ಅನ್ನುವ ಸರ್ಕಾರಿ ಗುರುತು, ಸಿಕ್ಕ ಬೇಳೆ ನಮ್ಮದು! ಬೇಳೆಯಲ್ಲಿ ರಾಫಿನೋಸ್, ಸ್ಟಾಕಿಯೋಸ್ ಅನ್ನುವ ಸಕ್ಕರೆಗಳಿವೆ. ಅವನ್ನು ಒಡೆಯುವ ಕಿಣ್ವ ಮನುಷ್ಯನಿಗಿಲ್ಲ. ಬ್ಯಾಕ್ಟೀರಿಯಾ ಒಡೆದಾಗ ಒಳ್ಳೆಯ ಆಮ್ಲಗಳ ಜೊತೆಗೆ ಹೈಡ್ರೋಜನ್, ಕಾರ್ಬನ್ ಡೈಆಕ್ಸೈಡ್, ಕೆಲವರಲ್ಲಿ ಮೀಥೇನ್ ಕೂಡ ಬರುತ್ತದೆ. ಅಂದರೆ ಗ್ಯಾಸ್ ಆಗೋದು ಕೆಲಸ ನಡೆಯುತ್ತಿದೆ ಅನ್ನೋದರ ಗುರುತು. ಬೇಳೆಯನ್ನು ಎರಡು ಮೂರು ತಾಸು ನೆನೆಹಾಕಿ ಆ ನೀರು ಚೆಲ್ಲಿ. ಮೊದಲ ವಾರ ದಿನಕ್ಕೆ ಒಂದು ಸಣ್ಣ ಬಟ್ಟಲು ತಿಳಿಸಾರು, ಆಮೇಲೆ ನಿಧಾನಕ್ಕೆ ಹೆಚ್ಚಿಸಿ. ಆರು ತಿಂಗಳು ಬಿಟ್ಟವರು ಒಂದೇ ದಿನ ಗಟ್ಟಿ ಬೇಳೆ ತಿಂದರೆ ರಾತ್ರಿಯಿಡೀ ಒದ್ದಾಡುತ್ತಾರೆ. ಎಷ್ಟು ಬೇಳೆ ಅನ್ನೋದನ್ನು ಮಾತ್ರ ಕಿಡ್ನಿ ನೋಡುವ ಡಾಕ್ಟರನ್ನು ಕೇಳಿ, ಬೇಳೆಯಲ್ಲೂ ಪ್ರೋಟೀನ್, ಪೊಟ್ಯಾಸಿಯಂ ಇದೆ. ಗ್ಯಾಸ್‌ಗೆ ಮೆಟ್‌ಫಾರ್ಮಿನ್ ಕೂಡ ಕಾರಣ ಇರಬಹುದು. ಆ ಮಾತ್ರೆಯೂ ಕರುಳಿನ ಬ್ಯಾಕ್ಟೀರಿಯಾ ಬದಲಿಸುತ್ತದೆ. ನಿಧಾನ ಕರಗುವ ರೂಪದ ಮಾತ್ರೆ ಆಗುತ್ತದೆಯೇ ಅಂತ ಕೇಳಿ ನೋಡಿ. ನೀವಾಗಿಯೇ ಬಿಡಿಸಬೇಡಿ.

ಮಲಬದ್ಧತೆ ಇದೆಯೇ ಅಂತಲೂ ಕೇಳಿ. ಮಲ ಒಳಗೆ ಜಾಸ್ತಿ ದಿನ ನಿಂತಷ್ಟೂ ನಾರು ಖಾಲಿಯಾಗಿ ಬ್ಯಾಕ್ಟೀರಿಯಾ ಪ್ರೋಟೀನಿಗೆ ಕೈ ಹಾಕುತ್ತವೆ, ಪ್ಯಾರಾ ಕ್ರೆಸಾಲ್ ಏರುತ್ತದೆ. ಇದನ್ನು ಹೇಳೋಕೆ ನಮ್ಮ ಕಡೆ ಗಂಡಸರು ನಾಚುತ್ತಾರೆ, ನೀವೇ ಕೆದಕಬೇಕು.

ಇನ್ನೊಂದು ಮಾತು. ನೆಗಡಿ ಬಂದರೆ ಔಷಧಿ ಅಂಗಡಿಯಿಂದ ಮೂರು ದಿನದ ಆಂಟಿಬಯಾಟಿಕ್ ತಂದು ನುಂಗುವ ರೂಢಿ ಮನೆಯಲ್ಲಿದ್ದರೆ ನಿಲ್ಲಿಸಿ. ಪಿತ್ತರಸವನ್ನು ಬದಲಿಸಿ ಕೆಟ್ಟ ರೋಗಾಣುಗಳನ್ನು ತಡೆಯುವ ಬ್ಯಾಕ್ಟೀರಿಯಾಗಳೂ ಅದರಲ್ಲಿ ಸಾಯುತ್ತವೆ. ಆಮೇಲೆ ಕ್ಲಾಸ್ಟ್ರಿಡಿಯಂ ಡಿಫಿಸಿಲ್ ಅನ್ನುವುದು ಹಬ್ಬಿ ಭೇದಿ ಹಿಡಿಯಬಹುದು. ಮತ್ತೆ ಮತ್ತೆ ಅದು ಬರುವವರಿಗೆ ಆರೋಗ್ಯವಂತರ ಮಲ ಕದಡಿ ಸೋಸಿ ನಳಿಕೆಯಿಂದ ಕರುಳಿಗೆ ಬಿಡುವ ಚಿಕಿತ್ಸೆಯೇ ಇದೆ. 2013ರ ನೆದರ್‌ಲ್ಯಾಂಡ್ಸ್ ಪ್ರಯೋಗದಲ್ಲಿ 16ರಲ್ಲಿ 13 ಜನ ಒಂದೇ ಸಲಕ್ಕೆ ಗುಣವಾದರು. ಶುಗರ್‌ಗೆ ಅದನ್ನು ಮಾಡಿಸೋಣವೇ ಅಂತ ಕಾಕಾನ ಮಗ ಕೇಳಿದರೆ, ಬೇಡ ಅನ್ನಿ.

ಆ 15 ಸಾವಿರ ಉಳಿಯಿತಲ್ಲ, ಅದರ ಒಂದು ಸಣ್ಣ ಪಾಲಿನಲ್ಲಿ ಎರಡು ಪರೀಕ್ಷೆ ಮಾಡಿಸಿ. ಒಂದು, ರಕ್ತದ ಬಿ12. ಮೆಟ್‌ಫಾರ್ಮಿನ್ ವರ್ಷಗಟ್ಟಲೆ ತಗೊಂಡರೆ ಬಿ12 ಹೀರಿಕೊಳ್ಳುವುದು ಕಡಿಮೆಯಾಗುತ್ತದೆ. ತಮಾಷೆ ಅಂದರೆ ದೊಡ್ಡ ಕರುಳಿನ ಬ್ಯಾಕ್ಟೀರಿಯಾ ಬಿ12 ತಯಾರಿಸುತ್ತವೆ. ಆದರೆ ಅದನ್ನು ಹೀರುವ ಜಾಗ ಸಣ್ಣ ಕರುಳಿನ ಕೊನೆಯಲ್ಲಿ, ಅಂದರೆ ಮೇಲೆಯೇ ಮುಗಿದುಹೋಗಿರುತ್ತದೆ. ಹೊಲದ ಕೆಳಗಿನ ಬದುವಿನಲ್ಲಿ ಬಾವಿ ತೋಡಿ ಮೇಲಿನ ಹೊಲಕ್ಕೆ ನೀರು ಹತ್ತದ ಹಾಗೆ. ಅಪ್ಪಾಜಿಗೆ ಪಾದ ಜುಮ್ಮೆನ್ನುತ್ತಿದ್ದರೆ ಅದನ್ನೂ ಡಾಕ್ಟರಿಗೆ ಹೇಳಿ. ಎರಡು, ಮೂತ್ರದಲ್ಲಿ ಆಲ್ಬುಮಿನ್ ಅನ್ನುವ ಪ್ರೋಟೀನ್ ಮತ್ತು ಕ್ರಿಯಾಟಿನಿನ್ ಅನುಪಾತ. ಕಿಡ್ನಿಗೆ ಶುಗರ್‌ನಿಂದ ಪೆಟ್ಟು ಬಿದ್ದಿದೆಯೇ ಅಂತ ಅದು ಹೇಳುತ್ತದೆ. ಬಿಪಿಯನ್ನೂ ಅವತ್ತೇ ನೋಡಿಸಿ. ಮೊಣಕಾಲು ನೋವಿಗೆ ಅಂಗಡಿಯಿಂದ ಮಾತ್ರೆ ತಗೊಳ್ಳುತ್ತಾರಾ ಅಂತ ಜೇಬು, ಕಪಾಟು ಎರಡೂ ಹುಡುಕಿ. ಕ್ರಿಯಾಟಿನಿನ್ ಏರಿಸುವುದರಲ್ಲಿ ಆ ನೋವಿನ ಮಾತ್ರೆಗಳದ್ದು ದೊಡ್ಡ ಕೈ. ಸಿಕ್ಕರೆ ಆ ಪಟ್ಟಿಯನ್ನು ಮುಂದಿನ ಸಲ ಡಾಕ್ಟರ ಹತ್ತಿರ ಹೋಗುವಾಗ ಜೊತೆಗೆ ಒಯ್ಯಿರಿ.